ಹದಿನಾರು ಎಲೆಯ ಲೆಕ್ಕ

2020ರ ಜನವರಿ. ಸಂಕ್ರಾಂತಿಯ ಅರಿಸಿನ-ಕುಂಕುಮಕ್ಕೆಂದು ನಮ್ಮ ಸಂಘದ ಹೆಂಗಸರು ಡೊಂಬಿವಲಿಯ ಒಂದು ಮನೆಯಲ್ಲಿ ಸೇರಿದ್ದರು. ಎಳ್ಳು-ಬೆಲ್ಲ ಕೈಗಿಡುತ್ತ ಯಾರೋ ನಮ್ಮ ಕಚೇರಿಯ ಯೋಗಕ್ಷೇಮ ವಿಚಾರಿಸಿದರು. "ಸದ್ಯ ಒಂದು ಹೊಸಾ ಸರ್ವರ್ ಹುಡುಕಲಿಕ್ಕೆ ಹತ್ತೇವ್ರಿ. ಎರಡು ನೋಡೇವಿ, ಯಾವದು ಚಲೋ ಅಂತ ತಿಳೀವಲ್ತು" ಎಂದು ನಮ್ಮ ಕಡೆಯಿಂದ ಉತ್ತರ ಹೋಯಿತು. ಪಕ್ಕದಲ್ಲಿ ಕುಳಿತಿದ್ದ ಕರಾವಳಿಯ ಹಿರಿಯರೊಬ್ಬರಿಗೆ ಸಂತೋಷವೇ ಸಂತೋಷ. "ಹೋಟೆಲ್ ಯಾವಾಗ ಹಾಕಿದ್ದು ಮಾರಾಯ್ರೆ? ಹೇಳಲೇ ಇಲ್ಲ! ನಮ್ಮ ಊರಿನ ಒಬ್ಬ ಹುಡುಗ ಇದ್ದಾನೆ, ಒಳ್ಳೆ ಸರ್ವರ್. ಒಂದು ಕೈಯಲ್ಲಿ ಆರು ಪ್ಲೇಟು ಹಿಡಿಯುತ್ತಾನೆ" ಎಂದರು.

ಮನೆಗೆ ಬಂದು ನಕ್ಕೆವು. ಆದರೆ ಆಲೋಚಿಸಿದರೆ ಆ ತಾಯಿ ಹೇಳಿದ್ದರಲ್ಲಿ ತಪ್ಪೇನಿತ್ತು? ನಾವು ಹುಡುಕುತ್ತಿದ್ದುದೂ ಅಂಥವನನ್ನೇ. ನಲವತ್ತು ಜನ ಒಮ್ಮೆಗೇ ಕೈ ಎತ್ತಿದಾಗ ಎಲ್ಲರಿಗೂ ಸರಿಯಾಗಿ ಬಡಿಸಬೇಕು, ಯಾರದೂ ಯಾರಿಗೋ ಹೋಗಬಾರದು, ಸಂಬಳವೂ ನಮ್ಮ ಅಳವಿನಲ್ಲಿರಬೇಕು.

ಇಲ್ಲೊಂದು ಮಾತು. ಈ ಬರಹವನ್ನು ಗಂಡ-ಹೆಂಡತಿ ನಾವಿಬ್ಬರೂ ಕೂಡಿ ಬರೆಯುತ್ತಿದ್ದೇವೆ. ಆದ್ದರಿಂದ 'ನಾವು' ಎಂಬಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಇಬ್ಬರ ಮತ ಬೇರೆಯಾದಲ್ಲಿ 'ನಮ್ಮಲ್ಲಿ ಯಜಮಾನರು' ಎಂದೂ 'ನಮ್ಮಲ್ಲಿ ಲೆಕ್ಕ ಹಿಡಿಯುವವರು' ಎಂದೂ ಹೇಳುತ್ತೇವೆ. ಯಾರು ಯಾರೆಂದು ವಾಚಕರು ಊಹಿಸಬಲ್ಲರು.

ನಮ್ಮದು ಸಣ್ಣ ಉದ್ಯೋಗ. ನಾವಿರುವ ಕಟ್ಟಡದ ಕೆಳಗಿನ ಎರಡು ಕೋಣೆಗಳಲ್ಲಿ ಎಮ್.ಐ.ಡಿ.ಸಿ.ಯ ಮೂವತ್ತು ಸಣ್ಣ ಕಾರಖಾನೆಗಳ ಜಮಾಖರ್ಚು, ಪಗಾರ, ತೆರಿಗೆಗಳ ಲೆಕ್ಕ ಇಡುತ್ತೇವೆ. ಆಯಾ ಕಾರಖಾನೆಯ ಗುಮಾಸ್ತರು ತಮ್ಮ ತಮ್ಮ ಮೇಜಿನಿಂದಲೇ ನಮ್ಮ ಯಂತ್ರಕ್ಕೆ ಜೋಡಿಕೊಂಡು ಕೆಲಸ ಮಾಡುತ್ತಾರೆ. 2015ರಲ್ಲಿ ಕೊಂಡ ಯಂತ್ರ ಅದು. ಒಳಗಿದ್ದದ್ದು ಇಂಟೆಲ್ ಕಂಪನಿಯ ಜಿಯಾನ್ ಇ5-2620 ವಿ3 ಎಂಬ ಆರು ಕೋರಿನ ಪ್ರೊಸೆಸರು. ಮೊದಲೆರಡು ವರುಷ ಹೂವಿನ ಹಾಗೆ ನಡೆಯಿತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಿತು, ಪ್ರತಿ ತಿಂಗಳ 20ನೇ ತಾರೀಖಿನ ಹೊತ್ತಿಗೆ ಎಲ್ಲರೂ ಒಟ್ಟಿಗೇ ಬಾಗಿಲಿಗೆ ಬರತೊಡಗಿದರು. 2018ರ ಆರಂಭದಲ್ಲಿ ಪ್ರೊಸೆಸರುಗಳ ಒಳಗಿನ ಭದ್ರತೆಯ ದೋಷಗಳು ಬಯಲಾಗಿ, ಅವಕ್ಕೆ ಹಾಕಿದ ತೇಪೆಯಿಂದ ಯಂತ್ರ ಇನ್ನೂ ತುಸು ಏದುಸಿರು ಬಿಟ್ಟಂತೆ ನಮಗೆ ಅನ್ನಿಸಿತು. "ತಾಈ, ನುಸ್ತಂ ಚಕ್ರ ಫಿರ್ತಂಯ್!" (ಬರೀ ಚಕ್ರ ತಿರುಗುತ್ತಿದೆ) ಎಂದು ಗುಮಾಸ್ತರ ಫೋನು ಬರುವುದು ವಾಡಿಕೆಯಾಯಿತು. 2019ರ ದೀಪಾವಳಿಯ ಬಳಿಕ ಎರಡು ಕಾರಖಾನೆಗಳವರು ಮರ್ಯಾದೆಯಿಂದಲೇ, ಬೇರೆ ಏರ್ಪಾಡು ನೋಡಿಕೊಳ್ಳುತ್ತೇವೆಂದು ಸೂಚಿಸಿದರು. ಅಂದು ರಾತ್ರಿ ನಮಗೆ ಊಟ ಸೇರಲಿಲ್ಲ.

ಹಣವೆಂದರೆ ಧಾರವಾಡದ ಮನೆಯ ಮಾಡಿಗೆ ಹೊಸ ಹೆಂಚು ಹೊದಿಸಲೆಂದು ಮೂರು ವರುಷದಿಂದ ಕೂಡಿಟ್ಟದ್ದು ಇತ್ತು. ಆ ಮನೆಯಲ್ಲಿ ನಮ್ಮ ವೃದ್ಧ ಅತ್ತೆಯೊಬ್ಬರು ಇದ್ದರು. ಮಳೆಗಾಲದಲ್ಲಿ ಪಡಸಾಲೆಯಲ್ಲಿ ಎಲ್ಲೆಲ್ಲಿ ಪಾತ್ರೆ ಇಡಬೇಕೆಂಬುದು ಅವರಿಗೆ ಬಾಯಿಪಾಠ. ಕೇಳಿದಾಗ "ನನಗ ಇನ್ನೊಂದು ಮಳಿಗಾಲ ಭಾಂಡೆ ಇಟ್ರ ಆತು, ನಿಮ್ಮ ಅನ್ನದ ಮಾತು ಮೊದಲು ನೋಡಿಕೋರಿ" ಎಂದುಬಿಟ್ಟರು. ಹಾಗಾಗಿ ಆ ಹಣದಿಂದ ಕೊಳ್ಳುವ ಯಂತ್ರವನ್ನು ಕಣ್ಣುಮುಚ್ಚಿ ಕೊಳ್ಳುವಂತಿರಲಿಲ್ಲ.

ಲ್ಯಾಮಿಂಗ್ಟನ್ ರೋಡಿನ ವ್ಯಾಪಾರಿ ಎರಡು ಕೊಟೇಶನ್ ಕೊಟ್ಟ. ಒಂದು ಇಂಟೆಲಿನ ಜಿಯಾನ್ ಸಿಲ್ವರ್ 4214. ಇನ್ನೊಂದು ಎ.ಎಮ್.ಡಿ. ಕಂಪನಿಯ ಎಪಿಕ್ 7302ಪಿ. ಎರಡೂ 2019ರಲ್ಲಿ ಬಂದ ಮಾಲು. ಮೊದಲನೆಯದು ಏಪ್ರಿಲಿನದು, ಎರಡನೆಯದು ಆಗಸ್ಟಿನದು. ಪ್ರೊಸೆಸರಿನ ಘೋಷಿತ ಬೆಲೆ ಇದಕ್ಕೆ ಸುಮಾರು 700 ಡಾಲರು, ಅದಕ್ಕೆ 825. ಇಡೀ ಯಂತ್ರದ ಬೆಲೆಯಲ್ಲಿ ಎಂಟೊಂಬತ್ತು ಸಾವಿರ ರೂಪಾಯಿಯ ಅಂತರ.

ನಮ್ಮಲ್ಲಿ ಯಜಮಾನರು ಇಂಟೆಲ್ ಪಕ್ಷ. 1986ರಲ್ಲಿ ಮುಂಬಯಿಯ ಒಂದು ಬಟ್ಟೆ ಕಂಪನಿಯಲ್ಲಿ ಅವರು ಮೊದಲು ಮುಟ್ಟಿದ ಪಿ.ಸಿ.ಯಲ್ಲಿ ಇದ್ದದ್ದು 8088 ಚಿಪ್ಪು. ಅಂದಿನಿಂದ ಬೇರೆ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ. ಜೊತೆಗೆ ಅಭಿಮಾನದ ಮಾತೂ ಉಂಟು: 2008ರ ಸೆಪ್ಟೆಂಬರಿನಲ್ಲಿ ಬಂದ ಜಿಯಾನ್ 7400 ಎಂಬ ಆರು ಕೋರಿನ ಚಿಪ್ಪಿನ ವಿನ್ಯಾಸ ಆದದ್ದು ಇಂಟೆಲಿನ ಬೆಂಗಳೂರು ತಂಡದ ಕೈಯಲ್ಲಿ. "ನಮ್ಮವರು ಮಾಡಿದ್ದು" ಎಂದು ಅವರು ಆಗ ಆ ಸುದ್ದಿಯ ಕತ್ತರಿಯನ್ನು ಕಪಾಟಿನಲ್ಲಿ ಅಂಟಿಸಿದ್ದರು.

ಬೆಂಗಳೂರಿನಲ್ಲಿರುವ ನಮ್ಮ ಮಗ ಈ ಎರಡರಲ್ಲಿ ಯಾವ ಕಂಪನಿಯವನೂ ಅಲ್ಲ. ಫೋನಿನಲ್ಲಿ ಅಪ್ಪನ ಮಾತು ಕೇಳಿ ನಕ್ಕ. "ಅಪ್ಪಾ, ನಿಮ್ಮ ಆ 8088 ಎ.ಎಮ್.ಡಿ. ಮಾಡಿದ್ದಾಗಿರಬಹುದು, ಮ್ಯಾಲಿನ ಹೆಸರು ಓದಿದ್ರೇನು?" ಎಂದ. ನಿಜವಂತೆ. ಒಬ್ಬನೇ ತಯಾರಕನನ್ನು ನಂಬಲು ಐ.ಬಿ.ಎಮ್. ಒಪ್ಪದ್ದರಿಂದ 1982ರ ಕರಾರಿನಂತೆ ಎ.ಎಮ್.ಡಿ.ಯೂ ಅದೇ ಚಿಪ್ಪುಗಳನ್ನು ಮಾಡಿ ಮಾರುತ್ತಿತ್ತು. ಬೆಂಗಳೂರಿನ ಅಭಿಮಾನವೂ ಒಂದು ಪಕ್ಷದ್ದಲ್ಲ; ಎರಡೂ ಕಂಪನಿಗಳ ದೊಡ್ಡ ವಿನ್ಯಾಸ ಕೇಂದ್ರಗಳು ಅಲ್ಲಿವೆ. ಇನ್ನು ಪೆಂಟಿಯಮ್ಮಿನ ಹೆಸರಿನೊಡನೆ ಎಲ್ಲರೂ ನೆನೆಯುವ ವಿನೋದ ಧಾಮ್ ಅವರೇ ಇಂಟೆಲ್ ಬಿಟ್ಟು ಆಮೇಲೆ ಎ.ಎಮ್.ಡಿ.ಯ ಕೆ6 ಚಿಪ್ಪಿಗೆ ದುಡಿದವರು. ಒಂದು ಖಾನಾವಳಿಯ ಮುಖ್ಯ ಅಡಿಗೆಯವರು ಎದುರಿನ ಖಾನಾವಳಿಗೆ ಹೋದಂತೆ! ಹೀಗಿರುವಾಗ ಗಿರಾಕಿ ಮಾತ್ರ ಬಾಗಿಲ ಬೋರ್ಡಿಗೆ ನಿಷ್ಠನಾಗಿರುವುದು ಯಾವ ನ್ಯಾಯ?

ಅಷ್ಟರಿಂದ ಯಜಮಾನರು ಸೋಲುವವರಲ್ಲ. ಇಬ್ಬರೂ ಎರಡು ಕೊಟೇಶನ್ನುಗಳನ್ನು ಮಧ್ಯದಲ್ಲಿಟ್ಟುಕೊಂಡು ಕುಳಿತೆವು.

ಕೋರ್ ಎಂದರೆ ಅಡಿಗೆಮನೆಯ ಒಬ್ಬೊಬ್ಬ ಅಡಿಗೆಯವ ಎಂದುಕೊಳ್ಳಿ. ಜಿಯಾನಿನಲ್ಲಿ ಹನ್ನೆರಡು ಜನ, ಎಪಿಕ್ಕಿನಲ್ಲಿ ಹದಿನಾರು. ಕೈಯ ಚುರುಕು ಗಿಗಾಹರ್ಟ್ಸಿನಲ್ಲಿ: ಜಿಯಾನಿನದು ಮೂಲ ವೇಗ 2.2, ಹುರುಪು ಬಂದಾಗ 3.2ರ ತನಕ, ಎಪಿಕ್ಕಿನದು ಮೂಲವೇ 3.0, ಹುರುಪಿಗೆ 3.3. ಒಬ್ಬನೇ ಗಿರಾಕಿ ಇದ್ದಾಗ ಎರಡರಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ಪಂಕ್ತಿ ತುಂಬಿದಾಗ ಹುರುಪು ಇಳಿಯುತ್ತದೆ, ಮೂಲ ವೇಗದ ಕಡೆಗೆ ಜಾರುತ್ತದೆ, ಅಲ್ಲಿ 2.2ಕ್ಕೂ 3.0ಕ್ಕೂ ಇರುವ ಅಂತರ ನಮ್ಮ 20ನೇ ತಾರೀಖಿನ ಅಂತರ.

ಉಗ್ರಾಣದಿಂದ ಅಡಿಗೆಮನೆಗೆ ಸಾಮಾನು ತರುವ ದಾರಿಗಳನ್ನು ಮೆಮೊರಿ ಚಾನೆಲ್ ಎನ್ನುತ್ತಾರೆ. ಜಿಯಾನಿಗೆ ಅಂಥ ಆರು ದಾರಿ, ಒಂದೊಂದರ ವೇಗ 2400. ಎಪಿಕ್ಕಿಗೆ ಎಂಟು, ವೇಗ 3200. ಮಗ ಗುಣಿಸಿ ಹೇಳಿದ: ಇದಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 115 ಗಿಗಾಬೈಟ್, ಅದಕ್ಕೆ 204. ಈ ಲೆಕ್ಕವನ್ನು ವಾಚಕರು ನೆನಪಿಡಬೇಕು; ನಾವು ಇದನ್ನು ಮರೆತು ಪೇಚಿಗೆ ಬಿದ್ದ ಕಥೆ ಮುಂದಿದೆ.

ಕೈಯಳವಿನಲ್ಲೇ ಇಟ್ಟುಕೊಳ್ಳುವ ಮಸಾಲೆ ಡಬ್ಬಿ ಎಂದರೆ ಕ್ಯಾಶ್. ಜಿಯಾನಿನಲ್ಲಿ 16.5 ಮೆಗಾಬೈಟ್, ಎಪಿಕ್ಕಿನಲ್ಲಿ 128. ಈ 128 ಕಂಡು ನಾವು ಬೆರಗಾದೆವು. ಆದರೆ ಅದು ಎಂಟು ಡಬ್ಬಿಗಳಾಗಿ ಹಂಚಿದ 128. ಇಬ್ಬಿಬ್ಬರು ಅಡಿಗೆಯವರಿಗೆ 16ರದೊಂದು ಡಬ್ಬಿ. ಪಕ್ಕದ ಜೋಡಿಯ ಡಬ್ಬಿಗೆ ಕೈ ಹಾಕಬೇಕಾದರೆ ಸುತ್ತು ಬರಬೇಕು. ಜಿಯಾನಿನ ಸಣ್ಣ ಡಬ್ಬಿ ಹನ್ನೆರಡು ಜನಕ್ಕೂ ಸಮವಾಗಿ ಎದುರಿಗಿದೆ. ನಮ್ಮ ಹಾಗೆ ಪ್ರತಿಯೊಬ್ಬ ಗುಮಾಸ್ತನ ಕೆಲಸವೂ ಪ್ರತ್ಯೇಕವಾಗಿದ್ದರೆ ಹಂಚಿದ ಡಬ್ಬಿಯಿಂದ ತೊಂದರೆಯಿಲ್ಲ. ಎಲ್ಲರೂ ಸೇರಿ ಒಂದೇ ದೊಡ್ಡ ಲೆಕ್ಕ ಮಾಡುವವರಿಗೆ ಮಾತು ಬೇರೆಯಾದೀತು.

ಇಷ್ಟೆಲ್ಲ ಹೆಚ್ಚು ಕೊಟ್ಟೂ ಬೆಲೆ ಇಷ್ಟೇ ಹೇಗೆ? ಯಜಮಾನರಿಗೆ ಇದೇ ಸಂಶಯ. ಅಗ್ಗದ ಮಾಲಿನಲ್ಲಿ ಏನೋ ಒಳಗುಟ್ಟು ಇರಬೇಕು ಎಂದರು. ಗುಟ್ಟು ಇದ್ದದ್ದು ನಿಜ, ಆದರೆ ಅದು ಕಪಟದ್ದಲ್ಲ. ಆ ತಲೆಮಾರಿನ ಜಿಯಾನ್ ಒಂದೇ ಅಖಂಡ ಸಿಲಿಕಾನ್ ತುಂಡು, 14 ನ್ಯಾನೋಮೀಟರಿನ ಪದ್ಧತಿಯದು. ಎಪಿಕ್ ಹಾಗಲ್ಲ: ಲೆಕ್ಕ ಮಾಡುವ ತುಂಡುಗಳು ಸಣ್ಣವು, 7 ನ್ಯಾನೋಮೀಟರಿನಲ್ಲಿ ಬೇರೆಯಾಗಿ ಮಾಡಿದವು, ಹೊರಗಿನ ವ್ಯವಹಾರ ನೋಡುವ ದೊಡ್ಡ ತುಂಡು ನಡುವೆ, ಎಲ್ಲವನ್ನೂ ಒಂದು ತಟ್ಟೆಯ ಮೇಲೆ ಜೋಡಿಸಿದ್ದಾರೆ. ಬಿಸಿಲಿಗೆ ಹಪ್ಪಳ ಹಾಕಿದ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊರದಗಲದ ಒಂದೇ ಹಪ್ಪಳ ಒತ್ತಿದರೆ ಒಂದು ಮೂಲೆ ಸೀಳಿದರೂ ಇಡಿಯದೂ ಹೋಯಿತು. ಅಂಗೈಯಗಲದವು ಎಂಟು ಒತ್ತಿದರೆ ಒಂದು ಒಡೆದೀತು, ಏಳು ಉಳಿದಾವು. ಚಿಪ್ಪಿನ ಕಾರಖಾನೆಯಲ್ಲೂ ತುಂಡು ದೊಡ್ಡದಾದಷ್ಟೂ ಕೆಡುವ ಪಾಲು ಹೆಚ್ಚು.

ಇನ್ನು ಹೊರಗಿನ ಸಲಕರಣೆ ಜೋಡಿಸುವ ಪಿ.ಸಿ.ಐ. ಎಕ್ಸ್‌ಪ್ರೆಸ್ ಹಾದಿಗಳು: ಜಿಯಾನಿಗೆ ಮೂರನೆಯ ತಲೆಮಾರಿನ 48, ಎಪಿಕ್ಕಿಗೆ ನಾಲ್ಕನೆಯ ತಲೆಮಾರಿನ 128. ವೇಗದ ಡಿಸ್ಕುಗಳನ್ನು ಸಾಲಾಗಿ ಹಾಕುವವರಿಗೆ ಇದು ಹಬ್ಬ. ನಮಗೆ ನಾಲ್ಕು ಡಿಸ್ಕು, ಒಂದು ನೆಟ್‌ವರ್ಕ್ ಕಾರ್ಡು. 48 ಸಹ ಹೆಚ್ಚೇ.

ಜಿಯಾನಿನ ಪರವಾಗಿಯೂ ಹೇಳಬೇಕಾದ್ದು ಇತ್ತು. ವಿದ್ಯುತ್ತಿನಲ್ಲಿ ಅದು 85 ವಾಟಿನದು, ಎಪಿಕ್ 155. ಎರಡೂ ಹಗಲಿರುಳು ಪೂರ್ಣ ದುಡಿದವೆಂದು ಹಿಡಿದರೆ ವರುಷಕ್ಕೆ 613 ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ ಹತ್ತು ರೂಪಾಯಿ ಎಂದರೂ ಆರು ಸಾವಿರ ಚಿಲ್ಲರೆ. ರಾತ್ರಿ ಯಂತ್ರ ಸುಮ್ಮನಿರುವುದರಿಂದ ಅಷ್ಟಾಗಲಾರದು, ಆದರೂ ಶೂನ್ಯವಲ್ಲ. ಎ.ವಿ.ಎಕ್ಸ್. 512 ಎಂಬ ವಿಶೇಷ ಗಣಿತ ಸೌಲಭ್ಯ ಜಿಯಾನಿನಲ್ಲಿ ಇತ್ತು, ಆಗಿನ ಎಪಿಕ್ಕಿನಲ್ಲಿ ಇಲ್ಲ. ವಿಜ್ಞಾನದ ಲೆಕ್ಕದವರಿಗೆ ಅದು ಬೇಕು, ಪಗಾರದ ಲೆಕ್ಕಕ್ಕೆ ಅದರ ಗೊಡವೆ ಇಲ್ಲ. ವಿದ್ಯುತ್ತು ಹೋದರೂ ನೆನಪು ಅಳಿಯದ ಆಪ್ಟೇನ್ ಎಂಬ ಮೆಮೊರಿಯನ್ನು ವ್ಯಾಪಾರಿ ಬಹಳ ಹೊಗಳಿದ. ವಿಚಾರಿಸಿದರೆ ಬೆಳ್ಳಿಯ ದರ್ಜೆಯಲ್ಲಿ 4215 ಎಂಬ ಒಂದು ಮಾದರಿಗೆ ಮಾತ್ರ ಆ ಭಾಗ್ಯ, ನಮ್ಮ 4214ಕ್ಕೆ ಇಲ್ಲವೇ ಇಲ್ಲ. (2022ರಲ್ಲಿ ಇಂಟೆಲ್ ಆ ಇಡೀ ಉದ್ಯಮವನ್ನೇ ಮುಚ್ಚಿತು.) ಕಂಚು, ಬೆಳ್ಳಿ, ಬಂಗಾರ, ಪ್ಲಾಟಿನಮ್ ಎಂದು ಸರಾಫಕಟ್ಟೆಯ ಹಾಗೆ ದರ್ಜೆ ಮಾಡಿದ ಮೇಲೆ ಯಾವ ದರ್ಜೆಯಲ್ಲಿ ಏನು ಕಡಿದಿದ್ದಾರೆಂಬುದನ್ನು ಗಿರಾಕಿಯೇ ಅಕ್ಕಸಾಲಿಗನಂತೆ ಒರೆಗೆ ಹಚ್ಚಿ ನೋಡಬೇಕು.

ಯಜಮಾನರ ನಿಜವಾದ ಬ್ರಹ್ಮಾಸ್ತ್ರ ಬೇರೆ ಇತ್ತು. ಹಳೆಯದು ಇಂಟೆಲ್ ಆದ್ದರಿಂದ ಹೊಸದೂ ಇಂಟೆಲ್ ಆದರೆ ಅದರ ಮೇಲಿನ ವರ್ಚುವಲ್ ಯಂತ್ರಗಳನ್ನು ನಡೆಯುತ್ತಿರುವಾಗಲೇ ಇದರಿಂದ ಅದಕ್ಕೆ ದಾಟಿಸಬಹುದು, ಎ.ಎಮ್.ಡಿ. ಆದರೆ ಮೊದಲು ಆರಿಸಿ, ಒಯ್ದು, ಮತ್ತೆ ಹೊತ್ತಿಸಬೇಕು. ಇದು ಖರೆ. ದೊಡ್ಡ ಕಂಪನಿಗಳು ಒಂದೇ ಜಾತಿಗೆ ಅಂಟಿಕೊಳ್ಳಲು ಇದೂ ಒಂದು ಕಾರಣ. "ಐತವಾರ ಮಧ್ಯಾಹ್ನ ಆರಿಸಿದ್ರ ಯಾರಿಗ್ರೀ ತ್ರಾಸು?" ಎಂದು ನಮ್ಮಲ್ಲಿ ಲೆಕ್ಕ ಹಿಡಿಯುವವರು ಕೇಳಿದರು. ಉತ್ತರವಿರಲಿಲ್ಲ.

ಅದಾದ ಮೇಲೆ ಅವರು ಹಳೆಯ ಫೈಲುಗಳ ಗಂಟು ಬಿಚ್ಚಿದರು. ನಿಜವಾದ ತೀರ್ಪು ಬಂದದ್ದು ಅಲ್ಲಿಂದ.

ವಿಂಡೋಸ್ ಸರ್ವರಿನ ಲೈಸೆನ್ಸನ್ನು ಕೋರಿನ ಲೆಕ್ಕದಲ್ಲಿ ಮಾರುತ್ತಾರೆ. ನಾವು ಕೊಳ್ಳಬೇಕಾಗಿದ್ದ 2019ರ ಆವೃತ್ತಿಯಲ್ಲಿ ಒಂದು ಸರ್ವರಿಗೆ ಕನಿಷ್ಠ ಹದಿನಾರು ಕೋರಿನ ಲೈಸೆನ್ಸು ಕೊಳ್ಳಲೇಬೇಕು. ಯಂತ್ರದಲ್ಲಿ ಎಂಟೇ ಇರಲಿ, ಹನ್ನೆರಡೇ ಇರಲಿ, ಹಣ ಹದಿನಾರರದು. ಹದಿನಾರು ಮೀರಿದರೆ ಹೆಚ್ಚಿನದಕ್ಕೆ ಹೆಚ್ಚಿನ ಹಣ. ಆಕೆ ಕನ್ನಡಕ ಹಣೆಯ ಮೇಲೇರಿಸಿ, "ಅಂದ್ರ ಹನ್ನೆರಡು ಮಂದಿ ಉಂಡ್ರೂ ಹದಿನಾರು ಎಲಿ ರೊಕ್ಕಾ ಕೊಡೋದಾತಲ್ರೀ!" ಎಂದರು.

ಯಜಮಾನರು ಸುಮ್ಮನೆ ಚಹ ಕುಡಿದರು.

ನೋಡಿ, ಇದು ಕೊಟೇಶನ್ನಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಪ್ರೊಸೆಸರಿನ ಬೆಲೆ ಒಂದು ಕಡೆ, ಲೈಸೆನ್ಸಿನ ಬೆಲೆ ಇನ್ನೊಂದು ಹಾಳೆಯಲ್ಲಿ; ಎರಡನ್ನೂ ಕೂಡಿಸಿ ನೋಡುವ ಕೆಲಸ ಗಿರಾಕಿಯದು. ನಮ್ಮ ಲೈಸೆನ್ಸುಗಳ ಮೊತ್ತ ಪ್ರೊಸೆಸರಿಗಿಂತ ಎಷ್ಟೋ ಹೆಚ್ಚು. ಹನ್ನೆರಡು ಕೋರಿನ ಜಿಯಾನ್ ತಂದರೆ ನಾಲ್ಕು ಕೋರಿನ ಲೈಸೆನ್ಸು ಕಪಾಟಿನಲ್ಲಿ ಕೊಳೆಯುವುದು. ಹದಿನಾರರ ಎಪಿಕ್ ತಂದರೆ ಎಲೆ-ಮಂದಿ ಸರಿಸಮ. ಎಂಟೊಂಬತ್ತು ಸಾವಿರದ ಅಂತರ ಅಲ್ಲಿಗೇ ತೀರಿತು. "ಮುಂದೆ ಬೇಕಾದರೆ ಇನ್ನೊಂದು ಜಿಯಾನ್ ಕೂಡಿಸಿಕೊಳ್ಳಬಹುದು, ಹೆಸರಿನ ಕೊನೆಗೆ ಪಿ ಇರುವ ಎಪಿಕ್ ಒಂಟಿ" ಎಂದು ವ್ಯಾಪಾರಿ ಎಚ್ಚರಿಸಿದ. ಸರಿಯೇ. ಆದರೆ ಎರಡು ಹನ್ನೆರಡು ಸೇರಿ ಇಪ್ಪತ್ತನಾಲ್ಕಾದರೆ ಮತ್ತೆ ಎಂಟು ಎಲೆಯ ಹಣ ತೆರಬೇಕು. 32 ಕೋರಿನ ಎಪಿಕ್ ಸಹ ಇದೇ ಕಾರಣಕ್ಕೆ ನಮಗೆ ಬೇಡವಾಯಿತು. ಹೆಚ್ಚು ಕೋರು ಎಂದರೆ ಹೆಚ್ಚು ಲಾಭ ಎಂದು ತಿಳಿದವರು ಈ ಮೂಲೆಯಲ್ಲಿ ಎಡವುತ್ತಾರೆ. ಲೈಸೆನ್ಸಿನ ಗೊಡವೆಯಿಲ್ಲದ ಲಿನಕ್ಸಿನವರಿಗೆ ಈ ಲೆಕ್ಕವೇ ಬೇರೆ. ಅವರು ಎಷ್ಟು ಕೋರು ಬೇಕಾದರೂ ಹಾಕಿಕೊಳ್ಳಲಿ.

ಆದರೂ ಕಾಗದದ ಮೇಲಿನ ಹೋಲಿಕೆಗೆ ಹಣ ಸುರಿಯಬಾರದು, ನಿಮ್ಮದೇ ಕೆಲಸ ಕೊಟ್ಟು ನೋಡಿ ಎಂದು ಮಗ ಹೇಳಿದ್ದ. ವ್ಯಾಪಾರಿಯ ಅಂಗಡಿಯಲ್ಲಿ ಎರಡು ಮಾದರಿಗಳೂ ಪ್ರದರ್ಶನಕ್ಕಿದ್ದವು. ಹೆಸರು-ವಿಳಾಸ ಅಳಿಸಿದ ಒಂದು ತಿಂಗಳ ಪಗಾರದ ಲೆಕ್ಕವನ್ನು ಡಿಸ್ಕಿನಲ್ಲಿ ಹಾಕಿಕೊಂಡು ಹೋದೆವು. ನಮ್ಮ ಹಳೆಯದರಲ್ಲಿ ಮೂವತ್ತೂ ಕಾರಖಾನೆಗಳ ಲೆಕ್ಕ ಒಟ್ಟಿಗೆ ಓಡಿಸಿದರೆ ಐವತ್ತು ನಿಮಿಷ. ಜಿಯಾನ್ ಸಿಲ್ವರಿನಲ್ಲಿ ಮೂವತ್ತೊಂದು. ಎಪಿಕ್ಕಿನಲ್ಲಿ ಇಪ್ಪತ್ತೆರಡು. ಲ್ಯಾಮಿಂಗ್ಟನ್ ರೋಡಿನ ಗದ್ದಲದಲ್ಲಿ ಗಡಿಯಾರ ಹಿಡಿದು ನಿಂತ ನಮ್ಮನ್ನು ಅಂಗಡಿಯ ಹುಡುಗರು ವಿಚಿತ್ರವಾಗಿ ನೋಡಿದರು. ನೋಡಲಿ. ಹೆಂಚಿನ ಹಣ ಅದು.

ಫೆಬ್ರವರಿಯಲ್ಲಿ ಎಪಿಕ್ ಬಂದಿತು. ಪೂಜೆ ಆಯಿತು, ತೆಂಗಿನಕಾಯಿ ಒಡೆದೆವು (ಯಂತ್ರದಿಂದ ದೂರ). ಒಂದು ಐತವಾರ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದೆವು. ಸೋಮವಾರ ಅದೇ ಪಗಾರದ ಪರೀಕ್ಷೆ ಓಡಿಸಿದರೆ ಮೂವತ್ತು ನಿಮಿಷ! ಅಂಗಡಿಯಲ್ಲಿ ಇಪ್ಪತ್ತೆರಡು, ಮನೆಗೆ ಬಂದ ಮೇಲೆ ಮೂವತ್ತು. ಮದುಮಗಳು ನೋಡುವಾಗ ಒಬ್ಬಳು, ಧಾರೆಗೆ ಬಂದವಳು ಇನ್ನೊಬ್ಬಳು ಎಂದು ಯಜಮಾನರು ಹೇಳಿಯೇಬಿಟ್ಟರು. ಅವರ ಮುಖದಲ್ಲಿ ದುಃಖದೊಡನೆ ತುಸು ಗೆಲುವೂ ಇತ್ತೆಂದು ಇನ್ನೊಬ್ಬರ ಅಭಿಪ್ರಾಯ. ಎರಡು ರಾತ್ರಿ ನಿದ್ದೆಯಿಲ್ಲ. ವ್ಯಾಪಾರಿ ಮೋಸ ಮಾಡಿದನೇ? ಧಾರವಾಡದ ಪಡಸಾಲೆಯ ಪಾತ್ರೆಗಳು ಕಣ್ಣ ಮುಂದೆ ಬರುತ್ತಿದ್ದವು.

ಮೂರನೆಯ ದಿನ ಮಗನಿಗೆ ಹೇಳಿದೆವು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅವ್ವಾ, ರ್‍ಯಾಮಿನ ಪಟ್ಟಿ ಎಷ್ಟು ಹಾಕಿಸೀರಿ?"

ಎರಡು. 64 ಗಿಗಾಬೈಟ್ ಬೇಕಾಗಿತ್ತು. 32ರ ಎರಡು ಪಟ್ಟಿ ಹಾಕಿಸಿ, ಉಳಿದ ಜಾಗ ಮುಂದಕ್ಕಿರಲಿ ಎಂದು ನಾವೇ ಜಾಣತನದಿಂದ ಬರೆಸಿದ್ದೆವು. ತಪ್ಪು ವ್ಯಾಪಾರಿಯದಲ್ಲ, ಪ್ರೊಸೆಸರಿನದಲ್ಲ, ನಮ್ಮದು. ಎಂಟು ದಾರಿಯಿದ್ದರೇನು, ಒಂದೊಂದು ದಾರಿಗೂ ಒಂದೊಂದು ಪಟ್ಟಿ ಇದ್ದರಷ್ಟೇ ಅದರಲ್ಲಿ ಸಾಮಾನು ಬರುತ್ತದೆ. ನಾವು ಆರು ಬಾಗಿಲಿಗೆ ಬೀಗ ಹಾಕಿ ಎರಡರಲ್ಲೇ ಹದಿನಾರು ಅಡಿಗೆಯವರಿಗೆ ಅಕ್ಕಿ ತರಿಸುತ್ತಿದ್ದೆವು. ಮೇಲೆ ನೆನಪಿಡಿರೆಂದ ಲೆಕ್ಕ ಇಲ್ಲಿ ಬೇಕು: ಒಂದು ದಾರಿಗೆ 25.6 ಗಿಗಾಬೈಟ್, ಎರಡಕ್ಕೆ 51.2. ನಮ್ಮ ಹಳೆಯ ಜಿಯಾನಿಗೆ ನಾಲ್ಕೂ ದಾರಿ ತೆರೆದಿದ್ದವು. ಅದರದು ಸುಮಾರು 59. ಅಂದರೆ ಹೆಂಚಿನ ಹಣ ಸುರಿದು ತಂದ ಹೊಸ ಯಂತ್ರದ ಉಗ್ರಾಣದ ದಾರಿ ಐದು ವರುಷದ ಹಳೆಯ ಯಂತ್ರದ್ದಕ್ಕಿಂತ ಇಕ್ಕಟ್ಟು! ಅಂಗಡಿಯ ಪ್ರದರ್ಶನದ ಯಂತ್ರದಲ್ಲಿ ಎಂಟೂ ಪಟ್ಟಿ ತುಂಬಿದ್ದರು. ನಾವು ಗಡಿಯಾರ ನೋಡಿದೆವು, ಮುಚ್ಚಳ ತೆಗೆಸಿ ನೋಡಲಿಲ್ಲ.

ಮಾರ್ಚಿನ ಎರಡನೆಯ ವಾರ ಯಜಮಾನರು ಲೋಕಲ್ ಹಿಡಿದು ಹೋಗಿ, ಆ ಎರಡನ್ನು ಮರಳಿಸಿ, 8 ಗಿಗಾಬೈಟಿನ ಎಂಟು ಪಟ್ಟಿ ತಂದರು. ಬೆಲೆಯಲ್ಲಿ ಕೈಯಿಂದ ಕೆಲವು ಸಾವಿರ ಬಿತ್ತು. ಪರೀಕ್ಷೆ ಇಪ್ಪತ್ತೆರಡು ನಿಮಿಷಕ್ಕೆ ಇಳಿಯಿತು. ಆ ವಾರ ಹೋಗಿರದಿದ್ದರೆ ಏನಾಗುತ್ತಿತ್ತೆಂದು ಈಗ ನೆನೆದರೂ ಎದೆ ಝಲ್ಲೆನ್ನುತ್ತದೆ. ಮುಂದಿನ ವಾರಾಂತ್ಯಕ್ಕೆ ಪೇಟೆ ಮುಚ್ಚಿತು. ಮಾರ್ಚ್ 25ರಿಂದ ಇಡೀ ದೇಶವೇ ಮನೆಯೊಳಗೆ.

ಆ ತಿಂಗಳ ಕೊನೆಯಲ್ಲಿ ನಡೆದದ್ದು ನಮ್ಮ ಜೀವಮಾನದಲ್ಲಿ ಮರೆಯುವಂಥದಲ್ಲ. ಕಾರಖಾನೆಗಳು ಬಂದ್, ಆದರೆ ಮಾರ್ಚಿನ ಪಗಾರ ಕೊಡಬೇಕಲ್ಲ. ಸುಮಾರು ಸಾವಿರದ ನೂರು ಕೆಲಸಗಾರರ ಪಗಾರ. ಗುಮಾಸ್ತರು ಕಲ್ಯಾಣ, ಬದಲಾಪುರ, ಟಿಟ್ವಾಳಾಗಳಲ್ಲಿ ತಮ್ಮ ಮನೆಯ ಅಡಿಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತರು; ಒಬ್ಬಾಕೆ ಮಗನ ಆಟದ ಕಂಪ್ಯೂಟರಿನಿಂದ. ನಲವತ್ತಕ್ಕೂ ಹೆಚ್ಚು ಜನ ಬೆಳಿಗ್ಗೆಯಿಂದ ರಾತ್ರಿಯ ತನಕ ನಮ್ಮ ಕೆಳಗಿನ ಕೋಣೆಯ ಒಂದು ಯಂತ್ರಕ್ಕೆ ಜೋತುಬಿದ್ದರು. ನಾವು ಮಾಸ್ಕು ಕಟ್ಟಿಕೊಂಡು ಎರಡು ಮಹಡಿ ಇಳಿದು ಅದನ್ನು ಆಸ್ಪತ್ರೆಯ ರೋಗಿಯನ್ನು ನೋಡಿದಂತೆ ನೋಡಿ ಬರುತ್ತಿದ್ದೆವು. ಚಕ್ರ ತಿರುಗುತ್ತಿದೆಯೆಂಬ ಫೋನು ಬರಲಿಲ್ಲ. ಏಪ್ರಿಲ್ ಎರಡರ ಹೊತ್ತಿಗೆ ಮೂವತ್ತೂ ಕಾರಖಾನೆಗಳ ಪಗಾರದ ಪಟ್ಟಿ ಬ್ಯಾಂಕಿಗೆ ಹೋಗಿತ್ತು. ಬಿಟ್ಟು ಹೋಗುತ್ತೇವೆಂದಿದ್ದ ಇಬ್ಬರಲ್ಲಿ ಒಬ್ಬರು ಉಳಿದರು. ಇನ್ನೊಬ್ಬರ ಕಾರಖಾನೆ ಆ ವರುಷವೇ ಕಾಯಂ ಮುಚ್ಚಿತು, ಪಾಪ.

ಎಪಿಕ್ಕಿನ ಗುಣಗಾನವನ್ನೇ ಮಾಡಿದೆವೆಂದು ಯಾರೂ ಹೇಳಬಾರದು. ಮೇ ತಿಂಗಳಲ್ಲಿ ಕೋಣೆಯ ಎ.ಸಿ. ಕೈಕೊಟ್ಟಿತು, ರಿಪೇರಿಯವ ಬರುವಂತಿಲ್ಲ. 155 ವಾಟಿನ ಅರ್ಥ ಆಗ ತಿಳಿಯಿತು. ಫ್ಯಾನುಗಳು ಗಿರಣಿಯ ಹಾಗೆ ಕೂಗತೊಡಗಿದವು. ಕಿಟಕಿ ತೆರೆದು, ಮನೆಯ ಎರಡೂ ಟೇಬಲ್ ಫ್ಯಾನನ್ನು ಅದರ ಮುಂದಿಟ್ಟು, ಹದಿನೈದು ದಿನ ನಾವು ಮೇಲೆ ಬೆವರುತ್ತ ಮಲಗಿದೆವು. "ಜಿಯಾನ್ ಇದ್ದಿದ್ರ ಒಂದು ಫ್ಯಾನು ನಮಗ ಉಳೀತಿತ್ತು" ಎಂದು ಯಜಮಾನರು ಆಗಾಗ ಹೇಳಿದರು. ಆ ಮಾತನ್ನು ಅವರಿಗೆ ಬಿಟ್ಟುಕೊಟ್ಟಿದ್ದೇವೆ.

ಧಾರವಾಡದ ಹೆಂಚು 2022ರ ಬೇಸಿಗೆಯಲ್ಲಿ ಬದಲಾಯಿತು.

ಈಗ ಇದನ್ನೆಲ್ಲ ಬರೆಯಲು ಕಾರಣ, ಕಲ್ಯಾಣದ ನಮ್ಮ ಸದಸ್ಯರೊಬ್ಬರು ತಮ್ಮ ದವಾಖಾನೆಯ ದಾಖಲೆಗಳಿಗಾಗಿ ಸರ್ವರ್ ಕೊಳ್ಳಬೇಕೆಂದು ಬಂದದ್ದು. ನಮ್ಮ ಮಾದರಿಗಳ ಹೆಸರು ಬರೆದುಕೊಂಡು ಹೊರಟರು, ತಡೆದು ಕೂರಿಸಿದೆವು. ಆ ಲೆಕ್ಕ ಆ ವರುಷದ್ದು. 2021ರ ಏಪ್ರಿಲಿನ ಜಿಯಾನಿನಲ್ಲೇ ಎಂಟು ಮೆಮೊರಿ ದಾರಿ, ನಾಲ್ಕನೆಯ ತಲೆಮಾರಿನ ಪಿ.ಸಿ.ಐ. ಬಂದವು, ಯಜಮಾನರು ಅಂದು ಪೇಡೆ ಹಂಚಿದ್ದರು. 2022ರ ನವೆಂಬರಿನ ಎಪಿಕ್ಕಿನಲ್ಲಿ ದಾರಿ ಹನ್ನೆರಡು, ಕೋರು 96ರ ತನಕ. 2023ರ ಜನವರಿಯ ಜಿಯಾನಿನಲ್ಲಿ ಕೋರು 60ರ ತನಕ. ಇಷ್ಟು ದೊಡ್ಡವು ದವಾಖಾನೆಗೆ ಏಕೆ? 2024ರ ಮೇಯಲ್ಲಿ ಎ.ಎಮ್.ಡಿ.ಯವರೇ ಸಣ್ಣ ಕಚೇರಿಗೆಂದು ಎಪಿಕ್ 4004 ಎಂಬ ಸಾಲು ತಂದರು: ಹದಿನಾರು ಕೋರಿನ ತನಕ, ಮೆಮೊರಿ ದಾರಿ ಎರಡೇ, ಅದೂ ಹೊಸ ಡಿ.ಡಿ.ಆರ್. 5. ಅಂಥದಕ್ಕೆ ಎರಡು ಪಟ್ಟಿ ಹಾಕಿಸುವುದೇ ಸರಿ, ಎಂಟು ಹುಡುಕಿಕೊಂಡು ಅಲೆಯಬೇಡಿ ಎಂದೆವು.

ಅವರ ಕೈಯಲ್ಲಿದ್ದ ಎರಡು ಕೊಟೇಶನ್ನುಗಳಲ್ಲಿ ಒಂದರಲ್ಲಿ ಇಪ್ಪತ್ತನಾಲ್ಕು ಕೋರು. ಇನ್ನೊಂದರಲ್ಲಿ ಎಂಟು ದಾರಿಯ ಯಂತ್ರಕ್ಕೆ ಒಂದೇ ಪಟ್ಟಿ. ದವಾಖಾನೆಯ ಸಾಫ್ಟ್‌ವೇರಿನ ಲೈಸೆನ್ಸು ಕೋರಿನ ಮೇಲೋ, ಬಳಸುವ ಜನರ ಮೇಲೋ ಎಂದು ಕೇಳಿದರೆ ಗೊತ್ತಿಲ್ಲವೆಂದರು. ಆ ಕಾಗದ ಹುಡುಕಿ ತರಲು ಹೋಗಿದ್ದಾರೆ. ಬರುವ ಐತವಾರ ಮಧ್ಯಾಹ್ನ ಊಟಕ್ಕೇ ಬರುತ್ತಾರೆ. ಒಂದು ವಾರದ ದಾಖಲೆಯ ಪ್ರತಿಯನ್ನು ಹೆಸರು ಅಳಿಸಿ ತನ್ನಿರೆಂದು ಹೇಳಿ ಕಳುಹಿಸಿದ್ದೇವೆ. ನಮ್ಮ ಹಳೆಯ ಜಿಯಾನ್ ಇನ್ನೂ ಮೂಲೆಯಲ್ಲಿದೆ, ರಾತ್ರಿ ಹೊತ್ತು ಲೆಕ್ಕಗಳ ಪ್ರತಿ ತೆಗೆದಿಡುತ್ತದೆ. ಮೊದಲು ಅದರ ಮೇಲೆ ಓಡಿಸಿ ನೋಡೋಣವೆಂದು ಯಜಮಾನರು ಈಗಾಗಲೇ ಅದರ ಧೂಳು ಒರೆಸಿದ್ದಾರೆ.